ಎರಡು ಗೀಟಿನ ಹನ್ನೊಂದು ದಿನ

ನಮ್ಮ ಮಾವ ಮೂವತ್ತೊಂದು ವರ್ಷ ಕಿಂಡಿ ಕಾಯ್ದರು. ಏನು ಕೆಲಸ ಎಂದು ಯಾರಾದರೂ ಕೇಳಿದರೆ ಹಾಗೇ ಹೇಳುತ್ತಿದ್ದರು, "ಕಿಂಡಿ ಕಾಯೋದು." ಕೇಳಿದವರು ತಮಾಷೆ ಎಂದುಕೊಂಡು ನಗುತ್ತಿದ್ದರು. ಅವರು ಅಮ್ಮನ ತಮ್ಮ. ಅಪ್ಪನಿಲ್ಲದ ನನ್ನನ್ನು ಓದಿಸಿದವರು. ಕೊನೆಗೆ ನಾನು ಸೇರಿದ್ದೂ ಅವರು ಮಾಡುತ್ತಿದ್ದ ಕೆಲಸಕ್ಕೇ. ಹಾಗಾಗಿ ಅವರ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳಬೇಕಾದವಳು ನಾನು. ಹೇಳುತ್ತೇನೆ. ಬರೀ ಒಳ್ಳೆಯದನ್ನೇ ಹೇಳುತ್ತೇನೆಂದು ಮಾತ್ರ ಯಾರೂ ಕಾಯಬೇಡಿ.

ಊರಾಚೆಯ ವಿದ್ಯುತ್ ಸ್ಥಾವರದಲ್ಲಿ ಉರಿದು ಮುಗಿದ ಅಣು ಇಂಧನದ ಸರಳುಗಳನ್ನು ತಂದಿಡುವ ದಾಸ್ತಾನು ಮನೆ ಅದು. ಮುಗಿದದ್ದು ಎನ್ನುವುದು ಹೆಸರಿಗೆ. ಒಲೆ ಆರಿಸಿದ ಮೇಲೂ ಬೂದಿಯೊಳಗೆ ಕೆಂಡ ಇರುವ ಹಾಗೆ ಆ ಸರಳುಗಳು ಹತ್ತಾರು ವರ್ಷ ತಮ್ಮಷ್ಟಕ್ಕೆ ತಾವು ಬಿಸಿ ಬಿಡುತ್ತಲೇ ಇರುತ್ತವೆ. ಉಕ್ಕಿನ ಕೊಳವೆಯಲ್ಲಿ ಹಾಕಿ, ಬೆಸುಗೆ ಹೊಡೆದು ಮುಚ್ಚಿ, ದಪ್ಪ ಕಾಂಕ್ರೀಟ್ ಗೋಡೆಯ ಆರು ಕೋಣೆಗಳಲ್ಲಿ ಅವನ್ನು ಸಾಲಾಗಿ ನಿಲ್ಲಿಸಿದ್ದಾರೆ. ತಣಿಸುವುದಕ್ಕೆ ಫ್ಯಾನಿಲ್ಲ, ಮೋಟರಿಲ್ಲ. ಗೋಡೆಯ ಬುಡದ ಕಿಂಡಿಗಳಿಂದ ತಣ್ಣನೆ ಗಾಳಿ ಒಳಗೆ ಹೋಗುತ್ತದೆ, ಕೊಳವೆಗಳನ್ನು ಸವರಿ ಬಿಸಿಯಾಗುತ್ತದೆ, ಬಿಸಿಯಾದದ್ದು ಮೇಲೇರಿ ಚಿಮಣಿಯಿಂದ ಹೊರಬೀಳುತ್ತದೆ. ಅದು ಹೊರಬಿದ್ದ ಜಾಗಕ್ಕೆ ಕೆಳಗಿನಿಂದ ಮತ್ತೆ ತಣ್ಣನೆ ಗಾಳಿ. ತನ್ನ ಬಿಸಿಗೆ ತಾನೇ ಬೀಸಣಿಗೆ. ಕರೆಂಟು ಹೋದರೂ, ಊರಿಗೆ ಊರೇ ಖಾಲಿಯಾದರೂ ಆ ಕಟ್ಟಡ ಉಸಿರಾಡುತ್ತಿರುತ್ತದೆ. ಕಿಂಡಿ ಕಟ್ಟಿಕೊಳ್ಳಬಾರದು, ಅಷ್ಟೇ.

ಅದನ್ನು ನೋಡಿಕೊಳ್ಳಲು ದಿನಕ್ಕೆ ಇಬ್ಬರು. ಬೆಳಗಿನವನೊಬ್ಬ, ಮಧ್ಯಾಹ್ನದವನೊಬ್ಬ. ಕೆಳಗೆ ಕಿಂಡಿಯ ಹತ್ತಿರ ಒಂದು ತಾಪಮಾಪಕ. ಮೇಲೆ ಚಿಮಣಿಯ ಕತ್ತಿನಲ್ಲಿ ಇನ್ನೊಂದು. ನಲವತ್ತೊಂದು ಮೆಟ್ಟಿಲಿನ ಕಬ್ಬಿಣದ ಏಣಿ ಹತ್ತಿ ಅದನ್ನು ಓದಿ, ಎರಡರ ವ್ಯತ್ಯಾಸವನ್ನು ಪುಸ್ತಕದಲ್ಲಿ ಬರೆದು ಸಹಿ ಹಾಕಬೇಕು. ಹಾಜರಿಯೂ ಅದೇ ಸಹಿ. ವರ್ಷವಿಡೀ ಹೆಚ್ಚುಕಡಿಮೆ ಅದೇ ಅಂಕಿ ಬರುವುದರಿಂದ ಅಲ್ಲಿನವರು ಒಂದು ರೂಢಿ ಮಾಡಿಕೊಂಡಿದ್ದರು. ಹಿಂದಿನ ದಿನಕ್ಕೂ ಇವತ್ತಿಗೂ ಒಂದು ಡಿಗ್ರಿಯೊಳಗಿನ ಫರಕು ಇದ್ದರೆ ಅಂಕಿ ಬರೆಯುವುದಿಲ್ಲ, 'ಮೇಲಿನಂತೆ' ಎನ್ನುವುದಕ್ಕೆ ಎರಡು ಗೀಟು ಎಳೆಯುತ್ತಾರೆ. ಸೋಮವಾರ ಮಾತ್ರ ಮಧ್ಯಾಹ್ನದವನು ಅಂಕಿಯನ್ನು ಪೂರ್ತಿ ಬರೆಯಬೇಕು, ಹಿಂದಿನ ಸೋಮವಾರದ್ದನ್ನು ನೋಡಬೇಕು.

ನಾನು ಕಂಡ ಹಾಗೆ ಮಾವ ಮನೆಯಲ್ಲಿ ಯಾವುದನ್ನೂ ಮುಚ್ಚಲು ಬಿಡುತ್ತಿರಲಿಲ್ಲ. ಚಳಿಗಾಲದಲ್ಲೂ ಕಿಟಕಿ ತೆರೆದೇ ಇರಬೇಕು. ಅನ್ನದ ಪಾತ್ರೆಯ ಮುಚ್ಚಳ ಓರೆಯಾಗಿ ಇಡಬೇಕು. "ಈ ಮನೆಗೆ ಗೋಡೆ ಯಾಕೆ ಕಟ್ಟಿಸಿದ್ರಿ, ನಾಲ್ಕು ಕಂಬ ನೆಟ್ಟಿದ್ರೆ ಸಾಕಿತ್ತು," ಎಂದು ಅತ್ತೆ ಶಾಲು ಹೊದ್ದು ಗೊಣಗುತ್ತಿದ್ದರು. ಗಂಡನಿಗೆ ಗಾಳಿ ಹಿಡಿದಿದೆ ಎಂದು ಅಕ್ಕಪಕ್ಕದವರ ಹತ್ತಿರ ನಗೆಯಾಡುತ್ತಿದ್ದರು. ಮಾವ ಮಾತಿನ ನಡುವೆ ಎದ್ದುಹೋಗಿ ಗೋಡೆಗೆ ಅಂಗೈ ಇಟ್ಟು ಬಿಸಿ ಇದೆಯೇ ಎಂದು ನೋಡುತ್ತಿದ್ದರು. ಚಿಕ್ಕವಳಿದ್ದಾಗ ನಾನೂ ಅವರ ಪಕ್ಕ ನಿಂತು ಕೈ ಇಡುತ್ತಿದ್ದೆ, ಅದು ಆಟ ಎಂದುಕೊಂಡು.

ಕೆಲಸಕ್ಕೆ ಸೇರಿದ ಮೊದಲ ವಾರವೇ ನನಗೆ ಆ ಸದ್ದು ಕೇಳಿಸಿತು. ಮಧ್ಯಾಹ್ನ ಮೂರೂವರೆ, ಬಿರುಬಿಸಿಲು. ನಾಲ್ಕನೇ ಕೋಣೆಯ ಏಣಿಯ ಮೇಲೆ ಯಾರೋ ಹತ್ತುತ್ತಿದ್ದಾರೆ. ಠಣ್, ಠಣ್, ಒಂದೊಂದೇ ಮೆಟ್ಟಿಲು. ಹೋಗಿ ನೋಡಿದರೆ ಏಣಿ ಖಾಲಿ. ಬೆಳಗಿನ ಪಾಳಿ ಮುಗಿದ ಮೇಲೂ ಮನೆಗೆ ಹೋಗದೆ ಮಾವ ಅಲ್ಲೇ ಕಟ್ಟೆಯ ಮೇಲೆ ಕೂತು ಬೆರಳು ಮಡಿಚುತ್ತಿದ್ದರು.

"ಮಾವ, ಅದೇನು ಸದ್ದು?"

"ಬಿಸಿಲಿಗೆ ಕಬ್ಬಿಣ ಹಿಗ್ಗುತ್ತೆ ಪುಟ್ಟಿ. ಅದೇ ಸದ್ದು."

"ಮತ್ತೆ ಎಣಿಸ್ತಿದೀರಲ್ಲ?"

"ನಲವತ್ತೊಂದು ಆಯ್ತು," ಎಂದರು. ಎದ್ದು ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಬಿಟ್ಟರು. ಮರುದಿನ ನಾನೂ ಎಣಿಸಿದೆ. ಕಬ್ಬಿಣ ಹಿಗ್ಗುತ್ತದೆ, ನಿಜ. ದಿನವೂ ನಲವತ್ತೊಂದೇ ಸಲ ಯಾಕೆ ಹಿಗ್ಗಬೇಕು ಎಂದು ನನಗೆ ಇವತ್ತಿಗೂ ಯಾರೂ ಹೇಳಿಲ್ಲ. ನನಗೆ ಭಯವಾಯಿತು. ಆರು ವರ್ಷದ ಮೇಲೆ ಈಗಲೂ ಮೂರೂವರೆಗೆ ಆ ಕಡೆ ಒಬ್ಬಳೇ ಹೋಗುವುದಿಲ್ಲ.

ಮಾವ ನಿವೃತ್ತರಾಗಿ ಎರಡು ವರ್ಷದ ಮೇಲೆ ಹಳೆಯ ಪುಸ್ತಕಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನ ತಲೆಗೆ ಬಿತ್ತು. ಅಲ್ಲಿನ ಪುಸ್ತಕಗಳನ್ನು ಬಿಸಾಡುವ ಹಾಗಿಲ್ಲ. ಒಳಗಿನ ಬಿಸಿ ಆರುವವರೆಗೆ ಇಡಬೇಕು, ಅಂದರೆ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಅವು ಅಲ್ಲೇ. ಇಪ್ಪತ್ತನಾಲ್ಕು ವರ್ಷದ ಹಿಂದಿನ ಒಂದು ಪುಟಕ್ಕೆ ಕೆಂಪು ಚೀಟಿ ಅಂಟಿಸಿತ್ತು. ಉದ್ದಣ್ಣನ ಪುಟ. ಆ ಹೆಸರು ಅಲ್ಲಿ ಎಲ್ಲರಿಗೂ ಗೊತ್ತು, ಹೊಸಬರಿಗೆ ಮೊದಲ ದಿನವೇ ಹೇಳುತ್ತಾರೆ, "ಉದ್ದಣ್ಣನ ಹಾಗೆ ಮಾಡಬೇಡಿ" ಎಂದು.

ಉದ್ದಣ್ಣ ಮಾವನ ಜೋಡಿ, ಮಧ್ಯಾಹ್ನದವನು. ಬಾಗಿಲಿಗೆ ತಲೆ ತಗ್ಗಿಸದೆ ಒಳಗೆ ಬಂದವನೇ ಅಲ್ಲ, ಅಷ್ಟು ಉದ್ದ. ಆ ವರ್ಷ ಹಕ್ಕಿಗಳು ಗೂಡು ಕಟ್ಟದಿರಲೆಂದು ಕಿಂಡಿಗಳ ಒಳಬದಿಗೆ ಸಣ್ಣ ಕಣ್ಣಿನ ಇನ್ನೊಂದು ಬಲೆ ಹಾಕಿದ್ದರು. ಬೇಲಿಯಾಚೆಯ ಮರಗಳು ಹತ್ತಿಯಂಥ ಬೀಜ ಹಾರಿಸುವ ಕಾಲ. ಅರಳೆ ಹೊರಗಿನ ಜಾಲರಿಯನ್ನು ದಾಟಿ ಹೋಗಿ ಒಳಗಿನ ಬಲೆಯ ಮೇಲೆ ಪದರ ಪದರವಾಗಿ ಕೂತಿತು. ಹೊರಗಿನಿಂದ ನೋಡಿದರೆ ಕಿಂಡಿ ಶುಭ್ರ. ನಾಲ್ಕನೇ ಕೋಣೆಯ ವ್ಯತ್ಯಾಸ ದಿನಕ್ಕೆ ಅರ್ಧ ಡಿಗ್ರಿ ಏರುತ್ತಾ ಹೋಯಿತು. ನಿನ್ನೆಗೂ ಇವತ್ತಿಗೂ ಅರ್ಧ ಡಿಗ್ರಿ ತಾನೆ, ಎರಡು ಗೀಟು. ನಾಳೆ ಮತ್ತೆ ಎರಡು ಗೀಟು. ಮನೆಯಲ್ಲೇ ಇರುವ ಮಗು ಬೆಳೆದದ್ದು ಮನೆಯವರಿಗೆ ಕಾಣುವುದಿಲ್ಲ, ಬಂದ ನೆಂಟರಿಗೆ ಕಾಣುತ್ತದೆ. ರಜೆ ಮುಗಿಸಿ ಬಂದ ಇಂಜಿನಿಯರು ಒಂದು ಸೋಮವಾರ ಬೆಳಿಗ್ಗೆ ಪುಸ್ತಕ ತೆರೆದು ಅಂಕಿ ಹುಡುಕಿದರು. ಪುಟ ಹಿಂದಕ್ಕೆ ಹಾಕಿದರು, ಮತ್ತೆ ಹಿಂದಕ್ಕೆ. ಬರೀ ಗೀಟು. ಮೂರು ವಾರದ ಹಿಂದೆ ಒಂದು ಅಂಕಿ ಸಿಕ್ಕಿತು, ಹತ್ತೊಂಬತ್ತು. ಅವತ್ತು ಮೇಲೆ ಹತ್ತಿ ನೋಡಿದರೆ ಮೂವತ್ತಕ್ಕೆ ಬಂದಿತ್ತು. ಹೊರಗೆ ಚಳಿ ಇದ್ದುದರಿಂದ ಎಚ್ಚರಿಕೆಯ ಗಂಟೆ ಹೊಡೆಯುವಷ್ಟು ಗಾಳಿ ಕಾದಿರಲಿಲ್ಲ, ಅಷ್ಟೇ. ಬೇಸಿಗೆಯಾಗಿದ್ದರೆ ಆ ಮಾತೇ ಬೇರೆ.

ಬಲೆ ಬಿಚ್ಚಿದಾಗ ಹಾಸಿಗೆಯಷ್ಟು ದಪ್ಪ ಅರಳೆ ಬಂತಂತೆ. ಎರಡು ದಿನದಲ್ಲಿ ವ್ಯತ್ಯಾಸ ಮತ್ತೆ ಹತ್ತೊಂಬತ್ತಕ್ಕೆ ಇಳಿಯಿತು. ಏನೂ ಸೋರಲಿಲ್ಲ, ಯಾರಿಗೂ ಏನೂ ಆಗಲಿಲ್ಲ. ಆದರೂ ವಿಚಾರಣೆ ನಡೆಯಿತು. ನಡುವೆ ಎರಡು ಸೋಮವಾರ ಬಂದಿದ್ದವು. ಎರಡರಲ್ಲೂ ಅಂಕಿ ಇರಬೇಕಾದ ಕಡೆ ಎರಡು ಗೀಟು, ಪಕ್ಕದಲ್ಲಿ ಉದ್ದಣ್ಣನ ಸಹಿ. ಒಪ್ಪಿಕೊಂಡ. ಕೆಲಸ ಹೋಯಿತು, ಕ್ವಾರ್ಟರ್ಸ್ ಹೋಯಿತು. ಐದು ವರ್ಷದ ಮಗಳ ಕೈ ಹಿಡಿದುಕೊಂಡು ಊರು ಬಿಟ್ಟ.

ಆ ಪುಟವನ್ನು ನಾನು ತುಂಬ ಹೊತ್ತು ನೋಡಿದೆ. ಮಾವ ಎಡಚರು. ಅವರ ಗೀಟು ಎಡಕ್ಕೆ ಒರಗುತ್ತದೆ; ನನ್ನ ಸ್ಲೇಟಿನ ಮೇಲೆ ಅವರು ಬರೆದುಕೊಟ್ಟದ್ದನ್ನು ತಿದ್ದಿದವಳು ನಾನು, ನನಗೆ ಗೊತ್ತು. ಉದ್ದಣ್ಣನ ಗೀಟು ಬಲಕ್ಕೆ. ಒಂದು ಶನಿವಾರದಿಂದ ಮುಂದೆ ಹನ್ನೊಂದು ದಿನ, ಬೆಳಗಿನದ್ದೂ ಮಧ್ಯಾಹ್ನದ್ದೂ ಎಲ್ಲ ಗೀಟೂ ಎಡಕ್ಕೆ ಒರಗಿದ್ದವು. ಎರಡು ಸೋಮವಾರವೂ ಆ ಹನ್ನೊಂದರೊಳಗೇ ಇದ್ದವು.

ಸಂಜೆ ಸೀದಾ ಮಾವನ ಮನೆಗೆ ಹೋದೆ. ಅತ್ತೆ ಹೊರಗೆ ಹೋಗಿದ್ದರು. ಪುಟದ ನಕಲನ್ನು ಅವರ ಮುಂದೆ ಇಟ್ಟೆ. ಕನ್ನಡಕ ಹಾಕಿಕೊಳ್ಳುವ ಅಗತ್ಯವೇ ಇಲ್ಲ ಎನ್ನುವ ಹಾಗೆ ದೂರದಿಂದಲೇ ನೋಡಿ, "ಇಷ್ಟು ವರ್ಷ ಯಾರೂ ನೋಡ್ಲಿಲ್ಲವಲ್ಲ ಅಂತ ಅಂದ್ಕೋತಿದ್ದೆ," ಎಂದರು.

ಉದ್ದಣ್ಣನ ಹೆಂಡತಿ ತೀರಿಕೊಂಡು ಆಗಿನ್ನೂ ವರ್ಷವಾಗಿತ್ತು. ಅವಳ ಕಾಯಿಲೆಗೆ ಅವನ ರಜೆಯೆಲ್ಲ ಮುಗಿದಿತ್ತು. ಅಷ್ಟರಲ್ಲಿ ಮಗಳು ಜ್ವರದಿಂದ ಮಲಗಿದಳು, ಆಸ್ಪತ್ರೆಗೆ ಸೇರಿಸಿದರು. "ನೀನು ಹೋಗೋ, ನಾನು ನೋಡ್ಕೋತೀನಿ," ಎಂದು ಕಳಿಸಿದ್ದು ಮಾವನೇ. ಅವನ ಪಾಳಿಯನ್ನೂ ಮಾಡಿ ಅವನ ಸಹಿಯನ್ನೂ ಹಾಕಿದರು. ಮೊದಲ ಎರಡು ದಿನ ಮಧ್ಯಾಹ್ನವೂ ಏಣಿ ಹತ್ತಿದರು. ಆಮೇಲೆ ಕಾಲು ಸೋತಿತು. ಬೆಳಿಗ್ಗೆ ನೋಡಿದ್ದೇನಲ್ಲ ಎಂದು ಕೆಳಗೇ ಕೂತು ಗೀಟು ಎಳೆದರು. ಸೋಮವಾರದ ನಿಯಮ ಬೆಳಗಿನವನಿಗೆ ಇರಲಿಲ್ಲ. ಅವರಿಗೆ ಅದು ಹೊಳೆಯಲೂ ಇಲ್ಲ.

"ವಿಚಾರಣೇಲಿ ಯಾಕೆ ಬಾಯಿ ಬಿಡ್ಲಿಲ್ಲ ನೀವು?"

"ಅವನೇ ಬೇಡ ಅಂದ. 'ನಾನು ಅಲ್ಲಿ ಇರ್ಲಿಲ್ಲ ಅಂದ್ರೂ ನನ್ನ ಕೆಲಸ ಹೋಗುತ್ತೆ, ಸುಳ್ಳು ಸಹಿ ಹಾಕಿದ್ದಕ್ಕೆ ನಿಂದೂ ಹೋಗುತ್ತೆ, ಇಬ್ಬರೂ ಮುಳುಗೋದು ಯಾಕೆ' ಅಂದ. 'ನಿನ್ನ ಅಕ್ಕ, ಆ ಮಗು ಎಲ್ಲ ನಿನ್ನ ಮೇಲೇ ಇದಾರಲ್ಲ' ಅಂದ."

ಆ ಮಗು ಅಂದರೆ ನಾನು. ನನಗೆ ಆಗ ಏಳು ವರ್ಷ. ನನ್ನ ಹೆಸರನ್ನು ಆ ಪುಟಕ್ಕೆ ಎಳೆದು ತಂದದ್ದಕ್ಕೆ ನನಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. "ಆಮೇಲೆ ಇಪ್ಪತ್ತೆರಡು ವರ್ಷ ಅದೇ ಕುರ್ಚೀಲಿ ಹೇಗೆ ಕೂತ್ರಿ ಮಾವ?" ಎಂದೆ.

"ಕೂತಿದ್ನಾ?" ಎಂದರು. "ದಿನಾ ಮೂರೂವರೆಗೆ ಅವನು ಬರ್ತಾನೆ. ನಾನು ಹತ್ತದೇ ಬಿಟ್ಟ ಏಣಿ ಹತ್ತುತ್ತಾನೆ. ಸತ್ತೋರು ಕಾಡೋದು ಕೇಳಿದೀನಿ ಪುಟ್ಟಿ. ಇವನು ಬದುಕಿದ್ದುಕೊಂಡೇ ಕಾಡ್ತಾನೆ. ಯಾರ ಹತ್ರ ಹೇಳ್ಕೊಳ್ಳಲಿ?"

ಹೋಗಿ ಅವನಿಗೇ ಹೇಳಿ ಎಂದೆ. ಹಳೆಯ ಪುಟ ತಿದ್ದುವುದಕ್ಕೂ ದಾರಿ ಇತ್ತು. ತಿದ್ದುಪಡಿ ಚೀಟಿಯಲ್ಲಿ ನಿಜವಾಗಿ ಬರೆದವನು ಮತ್ತು ಯಾರ ಸಹಿ ಇದೆಯೋ ಅವನು, ಇಬ್ಬರೂ ಸಹಿ ಹಾಕಿದರೆ ಕೆಂಪು ಚೀಟಿ ತೆಗೆದು ಅದನ್ನು ಅಂಟಿಸುತ್ತಾರೆ. ಮಾವ ಹೂಂ ಎಂದರು. ಮುಂದಿನ ತಿಂಗಳು ಎಂದರು. ಮಳೆ ನಿಲ್ಲಲಿ ಎಂದರು. ಹೀಗೆ ಎರಡು ವರ್ಷ. ನಾನು ಅವರ ಮನೆಗೆ ಹೋಗುವುದನ್ನೇ ಬಿಟ್ಟೆ. ಕೊನೆಗೆ ಒಂದು ದಿನ ಅವರೇ ಫೋನ್ ಮಾಡಿದರು. "ಹೃದಯದ ಡಾಕ್ಟರು ನನ್ನ ಒಳಗೂ ಒಂದು ಕಿಂಡಿ ಕಟ್ಟಿದೆ ಅಂದ್ರು. ನಗಬೇಡ. ಯಾವತ್ತು ಹೋಗೋಣ ಹೇಳು."

ಬಸ್ಸಿನಲ್ಲಿ ಮೂರು ಗಂಟೆಯ ದಾರಿ. ಹೊಲಿಗೆ ಅಂಗಡಿಯ ಮೇಲೆ ಎರಡು ಕೋಣೆಯ ಮನೆ. ಅಂಗಡಿ ಮಗಳದ್ದೇ, ಬಟ್ಟೆ ಉದ್ದ ಗಿಡ್ಡ ಮಾಡಿಕೊಡುತ್ತಾಳೆ. ಕತ್ತಿನಲ್ಲಿ ಅಳತೆ ಟೇಪು, ಬಾಯಲ್ಲಿ ಎರಡು ಗುಂಡುಸೂಜಿ. ಅಪ್ಪನ ಹಳೆಯ ಸ್ನೇಹಿತರು ಎಂದಾಗ ಸೂಜಿ ತೆಗೆದು ನಕ್ಕಳು. "ಅಪ್ಪನ್ನ ನೋಡೋಕೆ ಯಾರೂ ಬರಲ್ಲ ಅಂಕಲ್. ಬನ್ನಿ, ಬನ್ನಿ."

ಮೇಲೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಉದ್ದಣ್ಣ ಕೂತಿದ್ದ. ಬೆನ್ನು ಬಾಗಿ ಆ ಉದ್ದವೆಲ್ಲ ಮಡಿಸಿಟ್ಟಂತಾಗಿತ್ತು. ಬುದ್ಧಿ ಚುರುಕಾಗಿಯೇ ಇತ್ತು. ಮಾವನನ್ನು ಕಂಡವನೇ, "ಏನೋ ಕಿಂಡಿ ಮೇಸ್ತ್ರಿ, ಇಷ್ಟು ದಪ್ಪ ಆಗಿದೀಯ, ಈಗ ಏಣಿ ತಡ್ಕೊಳ್ಳುತ್ತಾ ನಿನ್ನ?" ಎಂದ. ಮಾವ ನಗಲಿಲ್ಲ. ಮಗಳು ಅಂಗಡಿಗೆ ಇಳಿಯುವವರೆಗೆ ಕಾದರು. ಆಮೇಲೆ ಎಲ್ಲವನ್ನೂ ಹೇಳಿದರು. ಹತ್ತದ ಏಣಿ, ಮರೆತ ಎರಡು ಸೋಮವಾರ, ಒಂದನ್ನೂ ಬಿಡಲಿಲ್ಲ. ನಾನು ಚೀಟಿ ತೆಗೆದು ಮೇಜಿನ ಮೇಲೆ ಇಟ್ಟೆ.

ಉದ್ದಣ್ಣ ತಾಳ್ಮೆಯಿಂದ ಕೇಳಿದ. ಕೇಳಿ, "ನಾನು ಅಲ್ಲಿ ಇರ್ಲಿಲ್ಲ ಅಂತ ಯಾರು ಹೇಳಿದ್ದು?" ಎಂದ.

ಮಾವ ನನ್ನ ಮುಖ ನೋಡಿದರು.

"ಆ ಸೋಮವಾರ ಏಣಿ ಹತ್ತಿದ್ದು ನಾನೇ ಕಣೋ. ಗಾಳಿ ಜೋರಾಗಿತ್ತು. ಕನ್ನಡಕ ಕೆಳಗೆ ಬಿತ್ತು. ಅಂಕಿ ಕಾಣ್ಲಿಲ್ಲ. ಮತ್ತೆ ಇಳಿದು ಹತ್ತೋಕೆ ಬೇಜಾರಾಗಿ ಎರಡು ಗೀಟು ಎಳೆದೆ. ಎಲ್ಲಾ ಚೆನ್ನಾಗಿ ನೆನಪಿದೆ ನನಗೆ."

"ಲೋ, ಆಗ ನಿನಗೆ ಕನ್ನಡಕವೇ ಬಂದಿರ್ಲಿಲ್ಲ."

"ಬಂದಿತ್ತು."

"ಮಗಳಿಗೆ ಜ್ವರ ಬಂದು ಆಸ್ಪತ್ರೇಲಿದ್ಲು. ನೀನು ಅವಳ ಹತ್ರ ಇದ್ದೆ. ನಾನೇ ಕಳಿಸಿದ್ದು."

"ಆಸ್ಪತ್ರೇಲಿ ನೋಡ್ಕೊಳ್ಳೋಕೆ ಜನ ಇದ್ರು. ನಾನು ಡ್ಯೂಟಿಲಿದ್ದೆ. ಸಹಿ ಇದೆಯಲ್ಲ." ಚೀಟಿಯನ್ನು ಅವನು ಬೆರಳ ತುದಿಯಿಂದ ನನ್ನ ಕಡೆಗೆ ತಳ್ಳಿದ. "ಸುಳ್ಳಿಗೆ ನಾನು ಸಹಿ ಹಾಕಲ್ಲಮ್ಮ. ಒಂದ್ಸಲ ಹಾಕಿದ್ದೇ ಸಾಕಾಗಿದೆ."

ಕೋಣೆಯಲ್ಲಿ ಎಷ್ಟು ಬೆಳಕಿತ್ತು ಎಂದರೆ ಅವನ ಮುಖದ ಒಂದೊಂದು ಗೆರೆಯೂ ಕಾಣುತ್ತಿತ್ತು. ಅವನು ನಟಿಸುತ್ತಿರಲಿಲ್ಲ. ವಿಚಾರಣೆಗೆಂದು ಹೇಳಿದ ಸುಳ್ಳನ್ನು ಮಗಳಿಗೂ ಹೇಳಿ, ಕೇಳಿದವರಿಗೆಲ್ಲ ಹೇಳಿ, ಈಗ ಆ ಏಣಿಯ ಮೇಲಿನ ಗಾಳಿಯೂ ಅವನ ಕಿವಿಗೆ ಕೇಳಿಸುತ್ತಿತ್ತು.

ಮಾವ ಮತ್ತೆ ಬಾಯಿ ತೆರೆದರು. ಉದ್ದಣ್ಣ ಅವರ ಮಣಿಕಟ್ಟು ಹಿಡಿದ.

"ಕೇಳಿಲ್ಲಿ. ಮೊದಲು ನನಗೆ ಎಲ್ಲರ ಮೇಲೂ ಸಿಟ್ಟಿತ್ತು. ನಿನ್ನ ಮೇಲೂ. ಊಟ ಸೇರ್ತಿರ್ಲಿಲ್ಲ. ಒಂದಿನ ಕೂತು, ಹೋಗಲಿ, ತಪ್ಪು ನಂದೇ ಅಂತ ಒಪ್ಕೊಂಡೆ. ಅವತ್ತಿಂದ ಅನ್ನ ಗಂಟಲಲ್ಲಿ ಇಳೀತು. ಈಗ ನೀನು ಬಂದು ಅಲ್ಲ ಅಂದ್ರೆ ಹೇಗೋ? ಇಪ್ಪತ್ತಾರು ವರ್ಷ ನಾನು ಹೀಗೆ ಬದುಕಿದ್ದು ಯಾಕೆ ಹಾಗಾದ್ರೆ?"

ನಾನು ಚೀಟಿಯನ್ನು ಮಡಿಸಿ ಚೀಲದೊಳಗೆ ಹಾಕಿಕೊಂಡೆ.

"ನಿನ್ನ ಹೆಸರಿಗೂ ಮಸಿ ಬಳಿದೆ ನಾನು," ಎಂದ ಉದ್ದಣ್ಣ. ಕಣ್ಣು ತುಂಬಿ ಬಂತು. "ಜೋಡಿ ಅಂತ ನಿನ್ನನ್ನೂ ಅವರು ಕೂರಿಸಿ ಕೇಳಿದ್ರಲ್ಲ. ಅದೊಂದು ನನಗೆ ಕೊರೀತಾ ಇತ್ತು. ನನ್ನ ಕ್ಷಮಿಸಿದೀಯಾ? ಅಷ್ಟು ಹೇಳು, ಸಾಕು."

ಮಾವ ಒಪ್ಪಬಾರದಿತ್ತು ಎಂದು ಆಗ ನನಗನ್ನಿಸಿತು. ಒಮ್ಮೆ ಅವನ ಕೆಲಸ ತಿಂದವರು ಈಗ ದೊಡ್ಡ ಮನುಷ್ಯರಾಗಿ ಅವನನ್ನೇ ಕ್ಷಮಿಸುವುದೇ? ಆದರೆ ಅವನ ಮುಖ ನೋಡಿ ಬೇರೆ ಏನು ಹೇಳಬಹುದಿತ್ತೋ ನನಗೆ ಇವತ್ತಿಗೂ ತಿಳಿದಿಲ್ಲ. ಕೊನೆಗೆ ಮಾವ, "ಕ್ಷಮಿಸಿದೀನಿ ಕಣೋ," ಎಂದರು. ಅಷ್ಟು ಹೇಳುವುದರಲ್ಲಿ ಅವರಿಗೆ ಇನ್ನೂ ಹತ್ತು ವರ್ಷ ವಯಸ್ಸಾದ ಹಾಗಾಯಿತು. ಉದ್ದಣ್ಣ ಕುರ್ಚಿಗೆ ಒರಗಿ ನಿರಾಳವಾಗಿ ಉಸಿರು ಬಿಟ್ಟ.

ನಾವು ಇಳಿಯುವಾಗ ಮಗಳು ಮೆಟ್ಟಿಲ ಬುಡದಲ್ಲಿ ನಿಂತಿದ್ದಳು. ತೆಳು ಹಲಗೆಯ ಮನೆ, ಕೊನೆಯ ಮಾತುಗಳು ಅವಳಿಗೆ ಕೇಳಿಸಿದ್ದವು. ಮಾವನ ಎರಡೂ ಕೈ ಹಿಡಿದುಕೊಂಡಳು. "ನಿಮ್ಮಿಂದ ದೊಡ್ಡ ಉಪಕಾರ ಆಯ್ತು ಅಂಕಲ್. ಅಪ್ಪ ಆ ಒಂದು ಮಾತಿಗೆ ಎಷ್ಟು ವರ್ಷದಿಂದ ಕಾಯ್ತಿದ್ರೋ."

ಮಾವ ತಲೆ ಎತ್ತಲಿಲ್ಲ. ಅವಳು ಕೈ ಬಿಡಲಿಲ್ಲ.

"ನಾನೂ ಅಪ್ಪನ ಮೇಲೆ ಕೋಪ ಬಿಡಬೇಕು ಅಂತ ನೋಡ್ತೀನಿ, ಆಗಲ್ಲ," ಎಂದಳು. "ಕೆಲಸದ ವಿಷಯ ಅಲ್ಲ, ಅದು ಹೋಗಲಿ. ನಾನು ಚಿಕ್ಕವಳಿದ್ದಾಗ ಆಸ್ಪತ್ರೇಲಿ ಹನ್ನೊಂದು ದಿನ ಇದ್ದೆನಂತೆ. ಅಮ್ಮ ಆಗಲೇ ಇರ್ಲಿಲ್ಲ. ಒಂದು ದಿನಾನೂ ಅಪ್ಪ ಬರ್ಲಿಲ್ಲ. ಅವರೇ ಹೇಳ್ತಾರೆ, ಡ್ಯೂಟಿಲಿದ್ದೆ ಅಂತ. ಜ್ವರದ ಮಂಪರಲ್ಲಿ ಮುಖ ಕಾಣ್ಲಿಲ್ಲ, ಯಾರೋ ಒಬ್ಬರು ನನ್ನ ಮಂಚದ ಪಕ್ಕ ಕೂತು ಕಾಲು ಒತ್ತುತ್ತಾ ಇದ್ದದ್ದು ಮಾತ್ರ ನೆನಪಿದೆ. ಆಸ್ಪತ್ರೆಯ ಆಳು ಇರಬೇಕು. ಅಷ್ಟು ಉದ್ದನೆ ಮನುಷ್ಯ, ಮಂಚದ ಕೆಳಗೆ ಕಾಲು ಹಿಡಿಸ್ತಿರ್ಲಿಲ್ಲ. ಯಾರೋ ಹೊರಗಿನವರು ಕೂತ್ರು, ನನ್ನಪ್ಪ ಬರ್ಲಿಲ್ಲ. ಹೇಗೆ ಮರೀಲಿ ಹೇಳಿ?"

ನನ್ನ ಕೈ ಚೀಲದೊಳಗಿನ ಚೀಟಿಯ ಮೇಲಿತ್ತು. ಮಾವ ಮುಖ ಎತ್ತಿದರು.

"ಅದು ನಿಮ್ಮಪ್ಪನೇ ಕಣಮ್ಮ."

"ಏನು?"

"ಕಾಲು ಒತ್ತಿದ್ದು ನಿಮ್ಮಪ್ಪ. ಹನ್ನೊಂದು ದಿನವೂ ನಿನ್ನ ಬಿಟ್ಟು ಕದಲಲಿಲ್ಲ."

"ಬುಕ್ಕಲ್ಲಿ ಸಹಿ ಇತ್ತಲ್ಲ?"

"ಆ ಸಹಿ ನಂದು. ಗೀಟೂ ನಂದೇ. ಈಗ ಮೇಲೆ ಅವನನ್ನ ಕ್ಷಮಿಸಿದೀನಿ ಅಂದದ್ದು ಸುಳ್ಳು."

ಅವಳು ಅವರ ಮುಖವನ್ನು ನೋಡುತ್ತಾ ನಿಂತಳು. ನೋಡುತ್ತಿದ್ದ ಹಾಗೇ ಅವರ ಕೈಗಳನ್ನು ಬಿಟ್ಟಳು. ಬೈಯಲಿಲ್ಲ, ಅಳಲಿಲ್ಲ. ಕತ್ತಿನ ಟೇಪನ್ನು ತೆಗೆದು ಕೈಗೆ ಸುತ್ತಿಕೊಂಡಳು.

"ಇನ್ನು ಇಲ್ಲಿಗೆ ಬರಬೇಡಿ ಅಂಕಲ್," ಎಂದಳು, ಮತ್ತು ಮೆಟ್ಟಿಲು ಹತ್ತಿ ಅಪ್ಪನ ಹತ್ತಿರ ಹೋದಳು.